ಆ ಹಲಗೆ ತೆಗೆಯಬೇಡ

"ನಿನ್ನನ್ನ ಯಾರು ಕರೆದಿದ್ದು?"

ದೋಣಿಯ ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿದವನ ಮುಖದಲ್ಲಿ ಮೊದಲು ಕಂಡಿದ್ದು ಬೆರಗು... ಮರುಕ್ಷಣವೇ ಸಿಟ್ಟು!

ಕಟ್ಟೆಯ ಮೇಲೆ ಸಾಮಾನಿನ ಚೀಲ ಹೆಗಲಿಗೇರಿಸಿ ನಿಂತವಳು ಕದಲಲಿಲ್ಲ. ಎದೆ ಮಾತ್ರ ಹಳೆಯ ಎಂಜಿನ್ನಿನ ಹಾಗೆ ದಡಬಡ ಹೊಡೆದುಕೊಳ್ಳುತ್ತಿತ್ತು.

"ನಿಮ್ಮಮ್ಮ," ಎಂದಳು.

"ಅಮ್ಮನಾ?"

"ನಂಬಿಕೆ ಬರದಿದ್ರೆ ಮನೆಗೆ ಹೋಗಿ ಕೇಳ್ಕೊಂಡು ಬನ್ನಿ. ಅಷ್ಟರಲ್ಲಿ ನನ್ನ ಕೆಲಸ ಶುರುವಾಗಿರುತ್ತೆ."

ಬನ್ನಿ! ಆ ಬಹುವಚನ ಅವನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಒಂದು ಕಾಲದಲ್ಲಿ ಇದೇ ಹುಡುಗಿ ಇದೇ ಕಟ್ಟೆಯ ಮೇಲೆ ನಿಂತು, "ಏಯ್ ಕ್ಯಾಪ್ಟನ್, ಬೇಗ ಬಾರೋ, ಹಸಿವಾಗ್ತಿದೆ" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

ಅವನು ಪಕ್ಕಕ್ಕೆ ಸರಿದ. ಅವಳು ದೋಣಿಗೆ ಕಾಲಿಟ್ಟಳು. ನಾಲ್ಕು ವರ್ಷದ ಮೇಲೆ.

ಬಂದರಿನಲ್ಲಿ ಅವಳನ್ನು ಎಲ್ಲರೂ ಕರೆಂಟಕ್ಕ ಎಂದೇ ಕರೆಯುತ್ತಿದ್ದರು. ದೋಣಿಗಳ ದೀಪ, ರೇಡಿಯೋ, ದಾರಿ ತೋರಿಸುವ ಪರದೆ, ಆಳ ಅಳೆಯುವ ಯಂತ್ರ... ಏನು ಕೆಟ್ಟರೂ ಅವಳ ಅಂಗಡಿಗೇ ಬರಬೇಕು. ಅಪ್ಪನಿಂದ ಬಂದ ವಿದ್ಯೆ. ಗಂಡುಮಗ ಇಲ್ಲ ಎಂದು ಅಪ್ಪ ಕೊರಗಲಿಲ್ಲ. ಮಗಳ ಕೈಗೇ ಇಕ್ಕಳ ಕೊಟ್ಟು, "ತಂತಿ ಸುಳ್ಳು ಹೇಳಲ್ಲ ಮಗಳೇ, ಮನುಷ್ಯರು ಹೇಳ್ತಾರೆ" ಎಂದಿದ್ದ.

ಅವನಿಗೆ ಬಂದರಿನವರು ಇಟ್ಟ ಹೆಸರು ಕ್ಯಾಪ್ಟನ್. ಇದ್ದದ್ದು ಒಂದೇ ದೋಣಿ, ಅದಕ್ಕೆ ಇದ್ದ ಸಿಬ್ಬಂದಿ ಅವನ ತಮ್ಮ ಗುಂಡ ಒಬ್ಬನೇ. ಗುಂಡನೋ ಹೆಸರಿಗಷ್ಟೇ ಗುಂಡ, ಬೆತ್ತದ ಕೋಲಿನ ಹಾಗಿದ್ದ. ಗಾಳಿ ಜೋರಾಗಿ ಬೀಸಿದರೆ ಹಾರಿಹೋಗ್ತೀಯ ಅಂತ ಅವಳು ಛೇಡಿಸಿದರೆ, "ನೀವು ಹಿಡ್ಕೊಳ್ಳಿ ಅತ್ತಿಗೆ" ಎನ್ನುತ್ತಿದ್ದ. ಮದುವೆಗೆ ಇನ್ನೂ ಎರಡು ತಿಂಗಳಿರುವಾಗಲೇ ಅವಳು ಅವನಿಗೆ ಅತ್ತಿಗೆಯಾಗಿಬಿಟ್ಟಿದ್ದಳು.

ಆಮೇಲೆ ಆ ಮಂಜಿನ ಬೆಳಿಗ್ಗೆ ಬಂತು.

ಕ್ಯಾಪ್ಟನ್ ಜ್ವರದಿಂದ ಮಲಗಿದ್ದ. ಗುಂಡ ಒಬ್ಬನೇ ದೋಣಿ ತೆಗೆದುಕೊಂಡು ಹೋದ. ನದಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಬಂಡೆಗೆ ಬಡಿದು ದೋಣಿ ಮುಳುಗಿತು. ಗುಂಡ ಸಿಕ್ಕಿದ್ದು ಮೂರನೆಯ ದಿನ. ದೋಣಿಯನ್ನು ಮೇಲೆತ್ತಿದಾಗ ಕ್ಯಾಬಿನ್ನಿನಲ್ಲಿ ರೇಡಿಯೋದ ಮೈಕು ಕೊಕ್ಕೆಯಿಂದ ಕೆಳಗೆ ನೇತಾಡುತ್ತಿತ್ತು. ಅಂದರೆ ಅವನು ಕರೆದಿದ್ದ... ಆದರೆ ಬಂದರಿನಲ್ಲಿ ಯಾರಿಗೂ ಅವನ ದನಿ ಕೇಳಿಸಿರಲಿಲ್ಲ.

ಆ ರೇಡಿಯೋ ಕೂರಿಸಿ ತಂತಿ ಎಳೆದಿದ್ದು ಅವಳು.

"ನನ್ನ ತಮ್ಮನ್ನ ಕೊಂದಿದ್ದು ಇವಳ ಕೈ!"

ಬಂದರಿನ ಜನರೆಲ್ಲ ಸೇರಿದ್ದಾಗ, ತಮ್ಮನ ದೇಹದ ಪಕ್ಕದಲ್ಲಿ ನಿಂತು, ಮದುವೆಯಾಗಬೇಕಿದ್ದ ಹುಡುಗಿಯ ಕಡೆ ಬೆರಳು ತೋರಿಸಿ ಕ್ಯಾಪ್ಟನ್ ಹೇಳಿದ ಮಾತು ಅದು.

ಅವಳು ಒಂದು ಮಾತೂ ಎದುರಾಡಲಿಲ್ಲ. ಏನಂತ ಆಡುವುದು? ಅವಳಿಗೇ ಗೊತ್ತಿರಲಿಲ್ಲವಲ್ಲ! ಅಂದಿನಿಂದ ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಅದೇ ದೋಣಿ, ಅದೇ ತಂತಿ, ತಂತಿ ಬಿಗಿಯುವ ಅದೇ ತಿರುಪು. ಬಿಗಿ ಮಾಡಿದ್ದೆನಾ? ಮಾಡಿದ್ದೆ. ನಿಜವಾಗ್ಲೂ ಮಾಡಿದ್ದೆನಾ...?

ಜನ ಮೊದಮೊದಲು ಅವಳ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಬೇರೆ ಗತಿಯಿಲ್ಲದೆ ಒಬ್ಬೊಬ್ಬರಾಗಿ ಬಂದರು. ಬಂದರೂ, ಅವಳು ಮಾಡಿದ ಕೆಲಸವನ್ನು ಎರಡೆರಡು ಸಲ ಎಳೆದು ನೋಡಿಯೇ ಹೋಗುತ್ತಿದ್ದರು. ಅದನ್ನೂ ನುಂಗಿಕೊಂಡಳು.

ನುಂಗಲಾಗದೆ ಗಂಟಲಲ್ಲೇ ಉಳಿದದ್ದು ಅಪ್ಪನ ಮಾತು. ಕೊನೆಯುಸಿರೆಳೆಯುವ ಮುನ್ನ ಅಪ್ಪ ಅವಳ ಕೈ ಹಿಡಿದು ಮೆಲ್ಲಗೆ ಕೇಳಿದ್ದ: "ಮಗಳೇ... ಆ ತಿರುಪು ಬಿಗಿ ಮಾಡಿದ್ದೆ ತಾನೇ?"

ಅಪ್ಪನಿಗೂ ಅನುಮಾನವಿತ್ತು.

ನಾಲ್ಕು ವರ್ಷ ದಡದ ಮೇಲೆ ಬಿದ್ದಿದ್ದ ದೋಣಿ ಈಗ ರಿಪೇರಿಯಾಗಿ ಮತ್ತೆ ನೀರಿಗಿಳಿದಿತ್ತು. ಎದುರು ದ್ವೀಪದಿಂದ ರೋಗಿಗಳನ್ನು ಆಸ್ಪತ್ರೆಗೆ ಕರೆತರುತ್ತಿದ್ದ ದೋಣಿ ಹಾಳಾಗಿ, ಬದಲಿಗೆ ಇದೇ ದೋಣಿಯನ್ನು ಕೇಳಿದ್ದರು. ಮರುದಿನ ಬೆಳಿಗ್ಗೆ ತಪಾಸಣೆ. ಎಂಜಿನ್ನು ಸರಿಯಿತ್ತು, ಅದಕ್ಕೆ ಬೇರೆ ಬ್ಯಾಟರಿ. ಆದರೆ ರೇಡಿಯೋ, ಪರದೆ, ದೀಪ, ಒಂದಕ್ಕೂ ಜೀವ ಬರುತ್ತಿರಲಿಲ್ಲ! ಇನ್ನೊಬ್ಬ ಮೆಕ್ಯಾನಿಕ್ ಹೊಸ ಬ್ಯಾಟರಿ ಹಾಕಿದ, ಫ್ಯೂಸು ಬದಲಿಸಿದ, ಹೊಸ ರೇಡಿಯೋ, ಹೊಸ ಪರದೆಯನ್ನೇ ತಂದು ಕೂರಿಸಿದ. ಊಹೂಂ. ಕೊನೆಗೆ ಕೈ ಕೊಡವಿ ಎದ್ದುಹೋದ.

ಆಗ ಕ್ಯಾಪ್ಟನ್ನನ ತಾಯಿ ಅವಳ ಅಂಗಡಿಯ ಬಾಗಿಲಿಗೆ ಬಂದಿದ್ದರು. ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತರು.

"ನಿನ್ನ ಮುಖ ನೋಡೋಕೆ ನನಗಿಷ್ಟ ಇಲ್ಲ. ಆದ್ರೆ ನಾಳೆ ಆ ದೋಣಿ ಹತ್ತೋರು ಯಾರೋ ಹೆತ್ತ ಮಕ್ಕಳು. ಯಾರು ಹಾಕಿದ ತಂತಿಯೋ ಅವರೇ ಬಂದು ಸರಿ ಮಾಡ್ಲಿ."

ಹಾಗೆ ಬಂದಿದ್ದಳು ಅವಳು.

ಕ್ಯಾಬಿನ್ನು ಇಬ್ಬರಿಗೆ ಇಕ್ಕಟ್ಟು. ಅವನು ಟಾರ್ಚು ಹಿಡಿದ. ಅವಳು ಮಂಡಿಯೂರಿ ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಗೆ ಮುಟ್ಟಿಸಿದಳು.

"ಹನ್ನೆರಡೂವರೆಗಿಂತ ಮೇಲಿದೆ. ಬ್ಯಾಟರಿ ಗಟ್ಟಿಯಾಗಿದೆ."

"ಅದನ್ನ ಅವನೂ ಹೇಳ್ದ."

"ಅವನು ಹೇಳಿದ್ದು ಅವನ ಬಾಯಿಗೆ. ನನ್ನ ಕೆಲಸ ನಾನು ಮೊದಲಿಂದ ಮಾಡ್ತೀನಿ. ಟಾರ್ಚು ಈ ಕಡೆ... ನನ್ನ ಮುಖಕ್ಕಲ್ಲ, ತಂತಿಗೆ!"

ಅವನು ಗಲಿಬಿಲಿಗೊಂಡು ಟಾರ್ಚು ತಿರುಗಿಸಿದ. ಅವಳ ಕಿವಿಯ ಹಿಂದೆ ಒಂದು ಬಿಳಿಕೂದಲು ಕಂಡಿತ್ತು ಅವನಿಗೆ. ಇಷ್ಟು ಬೇಗ...!

ಅವಳು ಸ್ವಿಚ್ಚುಗಳ ಫಲಕದ ಹತ್ತಿರ ಬಂದಳು. ಎಲ್ಲ ಸ್ವಿಚ್ಚು ಆರಿಸಿದ್ದಾಗ ಅಲ್ಲೂ ಪೂರ್ತಿ ವೋಲ್ಟೇಜು.

"ಈಗ ರೇಡಿಯೋ ಹಾಕಿ."

ಅವನು ಸ್ವಿಚ್ಚು ಒತ್ತಿದ. ಕೆಂಪು ಚುಕ್ಕೆಯೊಂದು ಮಿಣುಕ್ಕೆಂದು ಸತ್ತಿತು. ಮೀಟರಿನ ಅಂಕಿ ದೊಪ್ಪನೆ ನಾಲ್ಕಕ್ಕೆ ಬಿತ್ತು.

"ನೋಡಿದ್ರಾ? ಸುಮ್ನೆ ಇದ್ದಾಗ ಎಲ್ಲಾ ಸರಿ. ಭಾರ ಹಾಕಿದ ಕೂಡಲೇ ಕೈ ಬಿಡುತ್ತೆ." ಒಂದು ಕ್ಷಣ ತಡೆದು ಸೇರಿಸಿದಳು, "ಕೆಲವು ಮನುಷ್ಯರ ಹಾಗೆ."

ಅವನು ತುಟಿ ಕಚ್ಚಿಕೊಂಡ. "ಚುಚ್ಚೋಕೇ ಬಂದಿದೀಯಾ?"

"ಇಲ್ಲ. ಅದು ಕೆಲಸದ ಜೊತೆ ಬಿಟ್ಟಿ."

ಬ್ಯಾಟರಿಯಿಂದ ಹೋಗುವ ತಂತಿ ಒಂದು, ಮರಳಿ ಬರುವ ತಂತಿ ಒಂದು. ಎಲ್ಲರೂ ನೋಡುವುದು ಹೋಗುವ ತಂತಿಯನ್ನೇ. ಅವಳು ಮೀಟರಿಗೆ ಉದ್ದ ತಂತಿಯ ಕಡ್ಡಿ ಸಿಕ್ಕಿಸಿ, ಮರಳಿ ಬರುವ ಕಪ್ಪು ತಂತಿಯ ಈ ತುದಿಗೊಂದು, ಆ ತುದಿಗೊಂದು ಮುಟ್ಟಿಸಿದಳು. ಒಂದೇ ತಂತಿಯ ಎರಡು ತುದಿ. ಭಾರ ಹಾಕಿದಾಗಲೂ ಅಂಕಿ ಸೊನ್ನೆಯ ಹತ್ತಿರವೇ ಇರಬೇಕು.

"ಈಗ ಹಾಕಿ."

ಎಂಟು!

ಅವಳ ಹುಬ್ಬು ಗಂಟಾಯಿತು. "ಸಿಕ್ತು. ಕಪ್ಪು ತಂತಿ ಮಧ್ಯದಲ್ಲೆಲ್ಲೋ ಕೊಳೆತಿದೆ. ಇದು ಎಲ್ಲಿಂದ ಹೋಗುತ್ತೆ... ಈ ಮಂಚದ ಹಿಂದೆ. ಈ ಹಲಗೆ ತೆಗೀಬೇಕು."

"ಬೇಡ."

ಅವನ ದನಿ ಎಷ್ಟು ಗಡುಸಾಗಿತ್ತೆಂದರೆ ಅವಳು ತಿರುಗಿ ನೋಡಿದಳು.

"ಆ ಹಲಗೆ ತೆಗೆಯಬೇಡ. ಅದು... ಗುಂಡನ ಮಂಚ."

"ಗೊತ್ತು. ಅದಕ್ಕೇ ಆ ಮೆಕ್ಯಾನಿಕ್ಕಿಗೂ ತೆಗೆಯೋಕೆ ಬಿಡಲಿಲ್ವಾ?"

ಅವನು ಮಂಚದ ಕಡೆ ನೋಡದೆ ಟಾರ್ಚು ಕೆಳಗಿಳಿಸಿದ.

"ನಾಳೆ ಇದೇ ಮಂಚದ ಮೇಲೆ ರೋಗಿ ಮಲಗ್ತಾರೆ. ಮಂಜು ಬಿದ್ದರೆ, ರೇಡಿಯೋ ಸತ್ತರೆ..." ಅವಳು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. "ಇನ್ನೊಂದ್ಸಲ ನನ್ನ ತಲೆ ಮೇಲೆ ಬರೋದು ಬೇಡ. ತೆಗೀತೀರೋ, ನಾನೇ ತೆಗೀಲೋ?"

ಅವನು ಟಾರ್ಚನ್ನು ಮಂಚದ ಮೇಲಿಟ್ಟ. "ನನ್ ಕೈಲಿ ನೋಡೋಕಾಗಲ್ಲ" ಎಂದವನೇ ಮೆಟ್ಟಿಲೇರಿ ಹೊರಗೆ ಹೋಗಿಬಿಟ್ಟ.

ಪಾಪ, ತಮ್ಮನ ನೆನಪು... ಎಂದುಕೊಂಡಳು ಅವಳು. ತನ್ನನ್ನು ಹಾಳು ಮಾಡಿದವನಿಗಾಗಿ ಇನ್ನೂ 'ಪಾಪ' ಅನ್ನುತ್ತಿದೆಯಲ್ಲ ಈ ಮನಸ್ಸು! ಅದಕ್ಕೆ ನಾಚಿಕೆಯೇ ಇಲ್ಲ.

ತಿರುಪುಗಳು ತುಕ್ಕು ಹಿಡಿದು ಮೊಂಡಾಗಿದ್ದವು. ಒಂದೊಂದನ್ನೇ ಬಿಚ್ಚಿ ಹಲಗೆಯನ್ನು ಎಳೆದಳು. ಟಾರ್ಚಿನ ಬೆಳಕು ಒಳಗೆ ಬಿತ್ತು.

ಅವಳು ಹಾಕಿದ ದಪ್ಪ ಕಪ್ಪು ತಂತಿ ಅಚ್ಚುಕಟ್ಟಾಗಿ ಗೋಡೆಗುಂಟ ಬಂದಿತ್ತು. ಅರ್ಧ ದಾರಿಯಲ್ಲಿ ಯಾರೋ ಅದನ್ನು ಕತ್ತರಿಸಿದ್ದರು! ಕತ್ತರಿಸಿ, ನಡುವೆ ತೆಳ್ಳಗಿನ ತಂತಿಯೊಂದನ್ನು ತಿರುಚಿ ಸೇರಿಸಿ, ಮೇಲೆ ಟೇಪು ಸುತ್ತಿದ್ದರು. ಟೇಪಿನ ಸಂದಿಯಿಂದ ಹಸಿರು ಪುಡಿ ಉದುರುತ್ತಿತ್ತು. ಅದೇ ಜಾಗದಿಂದ ಇನ್ನೊಂದು ಎಳೆ ಮಂಚದ ತಲೆಗಡೆಗೆ ಹೋಗಿತ್ತು. ಅದರ ಕೊನೆಯಲ್ಲಿ ಅಂಗೈ ಅಗಲದ ಎರಡು ಸ್ಪೀಕರುಗಳು.

ಟೇಪು ಕಿತ್ತಳೆ ಬಣ್ಣದ್ದು. ಸೈಕಲ್ಲಿನ ಹ್ಯಾಂಡಲ್ಲಿಗೆ ಸುತ್ತುವಂಥದ್ದು. ಬಂದರಿನಲ್ಲಿ ಕಿತ್ತಳೆ ಹ್ಯಾಂಡಲ್ಲಿನ ಸೈಕಲ್ಲು ಇದ್ದದ್ದು ಒಂದೇ, ಗುಂಡನದು.

"ಸಮುದ್ರದ ಮಧ್ಯ ಹಾಡಿಲ್ದೆ ಹೇಗೆ ಅತ್ತಿಗೆ? ಒಂದು ಲೈನ್ ಎಳೆದುಕೊಡಿ, ಪ್ಲೀಸ್."

"ರೇಡಿಯೋ ಲೈನಿಗೆ ಕೈ ಹಾಕಿದ್ರೆ ಕೈ ಮುರಿತೀನಿ! ಮದುವೆ ಮುಗೀಲಿ, ಬೇರೆ ಲೈನ್ ಹಾಕ್ಕೊಡ್ತೀನಿ."

ಹುಚ್ಚಪ್ಪ, ಕಾಯಲಿಲ್ಲ... ತಾನೇ ಎಳೆದುಕೊಂಡಿದ್ದ.

ಅವಳು ಆ ತುಂಡನ್ನು ಹಿಡಿದು ಅಲ್ಲೇ ಕುಸಿದು ಕೂತಳು. ನಾನಲ್ಲ! ಅಪ್ಪಾ... ನಾನಲ್ಲ! ತಿರುಪು ಬಿಗಿಯಾಗಿತ್ತು ಅಪ್ಪಾ! ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಖುಷಿ ಪಡಬೇಕು ಎನ್ನುವಷ್ಟರಲ್ಲಿ, ಆ ತೆಳ್ಳಗಿನ ಬೆರಳುಗಳು ಟೇಪು ಸುತ್ತುತ್ತಿರುವುದು ಕಣ್ಣ ಮುಂದೆ ಬಂತು. ಅವತ್ತು ನಾನೇ ಹಾಕಿಕೊಟ್ಟಿದ್ದರೆ...?

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅವನಲ್ಲ, ಅವನ ತಾಯಿ.

"ಏನು ಸಿಕ್ತು?" ಮುದುಕಿಯ ದನಿಯಲ್ಲಿ ಒರಟುತನವಿತ್ತು, ಭಯವೂ ಇತ್ತು.

ಈಗ ಹೇಳಿಬಿಡಬಹುದಿತ್ತು. ಒಂದೇ ಮಾತು, ನಾಲ್ಕು ವರ್ಷದ ಕಲೆ ತೊಳೆದುಹೋಗುತ್ತಿತ್ತು. ಬದಲಿಗೆ ಈ ತಾಯಿ ಇನ್ನು ಸಾಯುವತನಕ, ನನ್ನ ಮಗ ತನ್ನ ಕೈಯಾರೆ ಸತ್ತ ಎಂದು ಎಣಿಸುತ್ತ ಕೂರಬೇಕಿತ್ತು.

ಅವಳು ಕಿತ್ತಳೆ ಟೇಪನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ತುಕ್ಕು, ಅಮ್ಮ. ಉಪ್ಪು ಗಾಳಿ ತಂತಿ ತಿಂದುಹಾಕಿದೆ. ಹೊಸದು ಹಾಕ್ತೀನಿ."

"ಹೂಂ," ಎಂದರು ಆಕೆ. "ಈ ಸಲವಾದ್ರೂ ಸರಿಯಾಗಿ ಹಾಕು."

ಅವಳು ತಲೆ ತಗ್ಗಿಸಿ, "ಆಯ್ತಮ್ಮ" ಎಂದಳು.

ಹೊಸ ತಂತಿ ಎಳೆದು ಮುಗಿಸುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಸ್ವಿಚ್ಚು ಒತ್ತಿದಳು. ದೀಪ ಹತ್ತಿತು. ಪರದೆ ಬೆಳಗಿತು. ರೇಡಿಯೋ ಗರಗರ ಎಂದು ಉಸಿರಾಡಿತು. ಭಾರ ಹಾಕಿದರೂ ಅಂಕಿ ಕದಲಲಿಲ್ಲ.

ಆ ಸದ್ದಿಗೆ ಅವನು ಕೆಳಗಿಳಿದು ಬಂದ. ಬೆಳಗುತ್ತಿದ್ದ ಪರದೆಯನ್ನು ಅವನು ನೋಡಲಿಲ್ಲ. ಅವನ ಕಣ್ಣು ನೇರವಾಗಿ ಹೋದದ್ದು ಅವಳ ಚೀಲದ ಬಾಯಿಗೆ. ಅಲ್ಲಿ ಕಿತ್ತಳೆ ಬಣ್ಣದ ತುದಿಯೊಂದು ಇಣುಕುತ್ತಿತ್ತು.

ಅವನ ಮುಖ ಬಿಳಿಚಿತು.

ಆದರೆ ಅವನು, 'ಏನದು' ಎಂದು ಕೇಳಲಿಲ್ಲ.

ಯಾಕೆ ಕೇಳಲಿಲ್ಲ? ಹಲಗೆ ತೆಗೆಯಬೇಡ... ನೋಡೋಕಾಗಲ್ಲ...

"ನಿನಗೆ ಗೊತ್ತಿತ್ತು."

ಬಹುವಚನ ಎಲ್ಲೋ ಉದುರಿಹೋಗಿತ್ತು.

"ನಿನಗೆ ಗೊತ್ತಿತ್ತು ಅಲ್ವಾ? ಮಾತಾಡು!"

ಅವನು ಮೆಟ್ಟಿಲ ಮೇಲೆಯೇ ಕೂತುಬಿಟ್ಟ. "ಅವನು ಕೇಳಿದ್ದ. 'ಅಣ್ಣಾ, ಅತ್ತಿಗೆ ಬೈತಾರೆ, ನಾನೇ ಲೈನ್ ಎಳ್ಕೊಳ್ಳಲಾ' ಅಂತ. ನಾನು ಯಾವುದೋ ಅವಸರದಲ್ಲಿದ್ದೆ. 'ಏನಾದ್ರೂ ಮಾಡ್ಕೋ, ತಲೆ ತಿನ್ಬೇಡ' ಅಂದೆ..."

"ಯಾವಾಗ ಗೊತ್ತಾಯ್ತು, ಅದರಿಂದಲೇ ಆಗಿದ್ದು ಅಂತ?"

"ಖಾತ್ರಿ ಇವತ್ತೇ. ಅನುಮಾನ... ಅವನನ್ನ ದಡಕ್ಕೆ ತಂದ ದಿನವೇ ಇತ್ತು."

"ದಡಕ್ಕೆ ತಂದ ದಿನ! ಅಂದ್ರೆ ನನ್ನ ಕಡೆ ಬೆರಳು ತೋರಿಸಿದಾಗಲೇ!"

"ಹೂಂ."

ಆ ಒಂದಕ್ಷರದ ಉತ್ತರ ಅವಳ ಕಪಾಳಕ್ಕೆ ಹೊಡೆದಂತಾಯಿತು.

"ಸತ್ತವನ ಮೇಲೆ ಹೊರಿಸೋಕೆ ಆಗ್ಲಿಲ್ಲ ನನಗೆ. ನನ್ನ ಮೇಲೆ ಹೊರಿಸ್ಕೊಳ್ಳೋ ಧೈರ್ಯ ಇರ್ಲಿಲ್ಲ. ಅಮ್ಮ ನನ್ನನ್ನೇ ನೋಡ್ತಾ ಇದ್ದಳು. ನೀನು ಎದುರಿಗಿದ್ದೆ. ನೀನು ಗಟ್ಟಿ ಹೆಣ್ಣು, ತಡ್ಕೋತೀಯ ಅಂದ್ಕೊಂಡೆನೋ ಏನೋ... ಬಾಯಿಂದ ಬಂದುಬಿಡ್ತು. ಬಂದ ಮೇಲೆ ವಾಪಸ್ ನುಂಗೋಕಾಗ್ಲಿಲ್ಲ."

"ನಾಲ್ಕು ವರ್ಷ!" ಅವಳ ದನಿ ಒಡೆಯಿತು. "ನಾಲ್ಕು ವರ್ಷ ನನ್ನ ಕೈನ ನಾನೇ ನಂಬಲಿಲ್ಲ, ಗೊತ್ತಾ? ಒಂದು ದೀಪ ಹಾಕಿ ಬಂದ್ರೂ ಮೂರು ಸಲ ವಾಪಸ್ ಹೋಗಿ ಮುಟ್ಟಿ ನೋಡ್ತಿದ್ದೆ. ನನ್ನಪ್ಪ... ಸಾಯೋವಾಗ ನನ್ನನ್ನ ಏನು ಕೇಳಿದ ಗೊತ್ತಾ ನಿನಗೆ?"

ಅವನಿಗೆ ಗೊತ್ತಿರಲಿಲ್ಲ. ಅವಳು ಹೇಳಲೂ ಇಲ್ಲ. ಸಾಮಾನುಗಳನ್ನು ಚೀಲಕ್ಕೆ ತುರುಕಿದಳು.

"ನಿಮ್ಮಮ್ಮಂಗೆ ತುಕ್ಕು ಅಂತ ಹೇಳಿದೀನಿ. ನಿನಗೋಸ್ಕರ ಅಲ್ಲ, ಆ ಜೀವಕ್ಕೋಸ್ಕರ. ನಾಳೆ ನೀನು ಅಳಿವೆ ದಾಟಿ ನಿಂತು ರೇಡಿಯೋದಲ್ಲಿ ಕರಿ. ನಾನು ಅಂಗಡಿಯಿಂದ ಉತ್ತರ ಕೊಡ್ತೀನಿ, ತಪಾಸಣೆಗೆ ಅದು ಬೇಕು. ಅದು ನನ್ನ ಕೆಲಸ. ಅದಾದ್ಮೇಲೆ ನನ್ನ ಕಣ್ಣಿಗೆ ಬೀಳ್ಬೇಡ."

"ಒಂದು ಮಾತು ಕೇಳು..."

"ಮೆಟ್ಟಿಲು ಬಿಡು!"

ಅವನು ಬಿಟ್ಟ.

ಮರುದಿನ ಬೆಳಿಗ್ಗೆ ಸಮುದ್ರ ತಿಳಿಯಾಗಿತ್ತು. ಅವಳ ಅಂಗಡಿಯ ಮೇಜಿನ ಮೇಲೆ ರೇಡಿಯೋ ಸೆಟ್ಟು, ಪಕ್ಕದಲ್ಲಿ ಬಿಚ್ಚಿಹಾಕಿದ ಯಾರದೋ ದೋಣಿಯ ಪಂಪು. ಅವನ ತಾಯಿ ಬಂದು ಸ್ಟೂಲಿನ ಮೇಲೆ ಕೂತಿದ್ದರು. "ಗುಂಡ ಹೋದ್ಮೇಲೆ ಮಗ ಮೊದಲನೇ ಸಲ ಅಳಿವೆಗೆ ಹೋಗ್ತಾ ಇದಾನೆ... ಮನೇಲಿ ಕೂರೋಕಾಗ್ಲಿಲ್ಲ" ಎಂದಿದ್ದರು, ಅವಳ ಮುಖ ನೋಡದೆ.

ರೇಡಿಯೋ ಗರಗರಿಸಿತು.

"ಅಂಗಡಿಗೆ ಕರೆ. ಕೇಳಿಸ್ತಾ ಇದೆಯಾ?"

ಅವಳು ಮೈಕು ಒತ್ತಿದಳು. "ಕೇಳಿಸ್ತಾ ಇದೆ. ಹತ್ತರವರೆಗೆ ಎಣಿಸಿ."

ಅವನು ಎಣಿಸಲಿಲ್ಲ. ಒಂದು ದೀರ್ಘ ಉಸಿರು ಕೇಳಿಸಿತು.

"ಈ ಚಾನೆಲ್ಲಲ್ಲಿರೋ ಎಲ್ಲಾ ದೋಣಿಯವರೂ ಕೇಳಿ. ಬಂದರಿನ ಕಚೇರಿಯವರೂ ಕೇಳಿ."

"ಏನ್ ಮಾಡ್ತಿದಾನೆ ಇವನು?" ಅವಳು ಬೆಚ್ಚಿದಳು.

"ನನ್ನ ತಮ್ಮ ಸತ್ತಿದ್ದು ಕರೆಂಟಕ್ಕನ ಕೆಲಸದಿಂದ ಅಲ್ಲ. ಅವಳು ಹಾಕಿದ ತಂತಿ ಸರಿಯಾಗಿತ್ತು. ಅದನ್ನ ಕತ್ತರಿಸಿ ಸ್ಪೀಕರಿಗೆ ಲೈನ್ ಎಳೆದಿದ್ದು ಗುಂಡ. ಎಳ್ಕೋ ಅಂದಿದ್ದು ನಾನು. ಗುಂಡ ಮಗು, ಅವನ ತಪ್ಪಿಲ್ಲ. ತಪ್ಪು ನನ್ನದು. ಗೊತ್ತಿದ್ದೂ ನಾನು..."

"ಕ್ಯಾಪ್ಟನ್, ಇದು ಕೆಲಸದ ಚಾನೆಲ್ಲು, ಖಾಸಗಿ ಮಾತು..." ಎಂದು ಬಂದರಿನ ಕಚೇರಿಯ ದನಿ ನಡುವೆ ನುಗ್ಗಿತು.

"ಸ್ವಾಮಿ, ಅರ್ಧ ನಿಮಿಷ. ಆಮೇಲೆ ಏನು ಶಿಕ್ಷೆ ಬೇಕಾದ್ರೂ ಕೊಡಿ."

ಆ ದನಿ ಸುಮ್ಮನಾಯಿತು.

"ಗೊತ್ತಿದ್ದೂ ನಾನು ಅವಳ ಮೇಲೆ ಹೊರಿಸಿದೆ. ನಿಮ್ಮೆಲ್ಲರ ಎದುರಿಗೆ ಹೊರಿಸಿದೆ. ಅದಕ್ಕೇ ನಿಮ್ಮೆಲ್ಲರ ಎದುರಿಗೆ ಹೇಳ್ತಿದೀನಿ. ನಾನು ಸುಳ್ಳುಗಾರ. ಅವಳಲ್ಲ." ಸ್ವಲ್ಪ ಹೊತ್ತು ಬರಿ ಗರಗರ. "ಅಷ್ಟೇ."

ಮೈಕು ಅವಳ ಕೈಯಲ್ಲೇ ಇತ್ತು. ಉತ್ತರ ಕೊಡಬೇಕು, ತಪಾಸಣೆಗೆ ಅದು ಬೇಕು. ಬಾಯಿಂದ ದನಿಯೇ ಹೊರಡಲಿಲ್ಲ.

ಅಷ್ಟರಲ್ಲಿ ಬೇರೆ ಯಾವುದೋ ದೋಣಿಯಿಂದ ಒರಟು ದನಿಯೊಂದು ಬಂತು. "ಇಲ್ಲಿ ಕೇಳಿಸ್ತು, ಕರೆಂಟಕ್ಕಾ."

ಮತ್ತೊಂದು. "ನಮಗೂ ಕೇಳಿಸ್ತು ತಾಯಿ."

"ಇಲ್ಲೂ ಕೇಳಿಸ್ತು..."

ಕೊನೆಗೆ ಕಚೇರಿಯ ದನಿ ಗಂಟಲು ಸರಿಮಾಡಿಕೊಂಡು, "ಬಂದರಿಗೂ ಸ್ಪಷ್ಟವಾಗಿ ಕೇಳಿಸಿದೆ" ಎಂದಿತು.

ಅವಳು ಮೈಕು ಕೆಳಗಿಟ್ಟು ಸ್ಟೂಲಿನ ಕಡೆ ತಿರುಗಿದಳು. ಮುದುಕಿ ಅಲ್ಲಾಡದೆ ಕೂತಿದ್ದರು. ಕಣ್ಣಲ್ಲಿ ನೀರೂ ಇರಲಿಲ್ಲ.

"ಅಮ್ಮಾ..." ಅವಳು ಓಡಿಹೋಗಿ ಕೈ ಹಿಡಿದಳು. "ಅವನು ಹೇಳಬಾರದಿತ್ತು, ನಾನು..."

"ಗುಂಡ ಮನೇಲಿ ಏನ್ ಮುಟ್ಟಿದ್ರೂ ಕೆಡ್ತಿತ್ತು," ಎಂದರು ಆಕೆ, ತಮಗೆ ತಾವೇ ಹೇಳಿಕೊಳ್ಳುವಂತೆ. "ಇಸ್ತ್ರಿಪೆಟ್ಟಿಗೆ ಸುಟ್ಟ, ಗಡಿಯಾರ ಬಿಚ್ಚಿದ. ನಾನು ನಗ್ತಿದ್ದೆ. ನನಗೆ ಹೊಳೀಬೇಕಿತ್ತು..." ಆಮೇಲೆ ಮೊದಲ ಬಾರಿಗೆ ಅವಳ ಮುಖವನ್ನು ನೇರವಾಗಿ ನೋಡಿದರು. "ದಿನಾ ಬೆಳಿಗ್ಗೆ ಎದ್ದು ನಿನಗೆ ಶಾಪ ಹಾಕ್ತಿದ್ದೆ ಕಣೇ. ದಿನಾ! ಅಷ್ಟೂ ಶಾಪನ ಈಗ ಎಲ್ಲಿಡ್ಲಿ ನಾನು?"

ಅವಳು ಮುದುಕಿಯ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡಳು. ಆಗ ಬಂತು ಅಳು, ಇಬ್ಬರಿಗೂ.

ದೋಣಿ ದಡ ಮುಟ್ಟಿದಾಗ ಕಟ್ಟೆಯ ಮೇಲೆ ಜನ ಸೇರಿದ್ದರು. ಯಾರೂ ಅವನನ್ನು ಮಾತಾಡಿಸಲಿಲ್ಲ. ಹಗ್ಗ ಹಿಡಿಯಲೂ ಯಾರೂ ಕೈ ಚಾಚಲಿಲ್ಲ. ಅವನೇ ನೆಗೆದು, ಅವನೇ ಕಟ್ಟಿ, ಅವಳ ಮುಂದೆ ಬಂದು ನಿಂತ.

"ಕ್ಷಮಿಸು ಅಂತ ಕೇಳೋ ಯೋಗ್ಯತೆ ನನಗಿಲ್ಲ."

"ಇಲ್ಲ. ಅದಕ್ಕೇ ಕೇಳ್ಬೇಡ."

"ಹೂಂ."

"ಇಡೀ ಬಂದರಿಗೆ ಹೇಳಿದೆ. ಒಳ್ಳೇದಾಯ್ತು. ನನ್ನಪ್ಪಂಗೆ ಯಾರು ಹೇಳ್ತಾರೆ?"

ಅವಳು ತಿರುಗಿ ಅಂಗಡಿಗೆ ನಡೆದಳು. ಅವನು ಹಿಂದೆ ಬರಲಿಲ್ಲ, ಅಷ್ಟು ಬುದ್ಧಿ ಅವನಿಗಿತ್ತು.

ಆಮೇಲೆ ದಿನಗಳು ಉರುಳಿದವು. ದ್ವೀಪದಿಂದ ಹೆರಿಗೆಯವರು, ಕಾಲು ಮುರಿದವರು, ಜ್ವರದವರು ಆ ದೋಣಿಯಲ್ಲಿ ಬಂದುಹೋದರು. ಅವನು ಪ್ರತಿದಿನ ಅಳಿವೆ ದಾಟುವಾಗ ರೇಡಿಯೋದಲ್ಲಿ ಕಚೇರಿಗೆ ಕರೆಯುತ್ತಿದ್ದ. ಅವಳ ಅಂಗಡಿಯ ಸೆಟ್ಟೂ ಅದೇ ಚಾನೆಲ್ಲಿನಲ್ಲಿತ್ತು. ಅವಳು ಎಂದೂ ಉತ್ತರ ಕೊಡಲಿಲ್ಲ. ಆದರೆ ಮಂಜು ಬಿದ್ದ ದಿನ ಆ ದನಿ ಕೇಳುವವರೆಗೂ ಅವಳ ಕೈ ಯಾವ ಕೆಲಸಕ್ಕೂ ಏಳುತ್ತಿರಲಿಲ್ಲ. ಥೂ, ಈ ದರಿದ್ರ ಮನಸ್ಸು! ಎಂದು ಬೈದುಕೊಳ್ಳುತ್ತಿದ್ದಳು.

ಅವನ ತಾಯಿ ಮಾತ್ರ ವಾರಕ್ಕೊಮ್ಮೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಮಗನ ಪರವಾಗಿ ಒಂದು ಮಾತೂ ಆಡುತ್ತಿರಲಿಲ್ಲ. ಒಮ್ಮೆ ಅವಳೇ ತಡೆಯಲಾರದೆ ಕೇಳಿದಳು: "ಊಟ ಸರಿಯಾಗಿ ಮಾಡ್ತಾನಾ?"

"ಬಡಿಸಿದ್ರೆ ತಿಂತಾನೆ," ಎಂದರು ತಾಯಿ. "ಕೇಳಿ ಹಾಕಿಸ್ಕೊಳ್ಳಲ್ಲ."

ಅದಾದ ಕೆಲವು ದಿನಕ್ಕೆ, ಒಂದು ಮುಂಜಾನೆ, ಅವನು ದೋಣಿಯ ಹಗ್ಗ ಬಿಚ್ಚುತ್ತಿದ್ದ. ರೋಗಿಗಳಿಲ್ಲದ ಖಾಲಿ ದೋಣಿ, ಆ ದಡಕ್ಕೆ ಹೋಗಿ ಕರೆತರಬೇಕಿತ್ತು. ಹಿಂದೆ ಹಲಗೆ ಕಿರುಗುಟ್ಟಿತು. ತಿರುಗಿ ನೋಡಿದರೆ, ಅವಳು! ಚೀಲವಿಲ್ಲ, ಮೀಟರಿಲ್ಲ. ಬರಿಗೈಯಲ್ಲಿ ದೋಣಿ ಹತ್ತಿ, ಬಂದು ಅಂಚಿನಲ್ಲಿ ಕೂತಳು.

ಅವನು ಹಗ್ಗ ಕೈಯಲ್ಲೇ ಹಿಡಿದು ನಿಂತ. "ಏ... ಏನಾದ್ರೂ ಕೆಟ್ಟಿದೆಯಾ?"

"ಇಲ್ಲ."

"ಆ ದಡದಲ್ಲಿ ಕೆಲಸ ಇದೆಯಾ?"

"ಇಲ್ಲ. ಸುಮ್ನೆ ಬಂದೆ." ಅವಳು ನೀರಿನ ಕಡೆ ನೋಡುತ್ತಲೇ ಹೇಳಿದಳು, "ಸಿಟ್ಟು ಹೋಗಿಲ್ಲ, ತಿಳ್ಕೋ."

"ಗೊತ್ತು."

"ಹೋಗುತ್ತೋ ಇಲ್ವೋ, ಅದೂ ಗೊತ್ತಿಲ್ಲ. ಒಂದೊಂದ್ಸಲ ಊಟಕ್ಕೆ ಕೂತಾಗ ನೆನಪಾಗಿ ತಟ್ಟೆ ಎಸೀಬಹುದು."

"ಎಸಿ."

"ಅಪ್ಪನ ನೆನಪಾದ ದಿನ ನಿನ್ನ ಮುಖಾನೂ ನೋಡಲ್ಲ ನಾನು."

"ಆ ದಿನ ಹೊರಗೆ ಕೂತಿರ್ತೀನಿ." ಅವನು ಹಗ್ಗ ಕೆಳಗಿಟ್ಟ. "ಸಿಟ್ಟಿನ ಸಮೇತ ಬಾ. ಅದನ್ನ ಎಲ್ಲೋ ಬಿಟ್ಟು ಬಾ ಅಂತ ಕೇಳಲ್ಲ ನಾನು."

ಅವಳ ಕಣ್ಣಂಚು ತುಂಬಿತ್ತು; ಒರೆಸಿಕೊಳ್ಳಲಿಲ್ಲ.

"ದೂರ ಇದ್ದು ನೋಡಿದೆ ಕಣೋ," ಎಂದಳು ಕೊನೆಗೆ. "ಆಗಲ್ಲ. ಸಿಟ್ಟು ಮಾಡ್ಕೊಳ್ಳೋಕೂ ಮನುಷ್ಯ ಹತ್ರ ಇರ್ಬೇಕು."

ಅವನು ತೋಳಿನಿಂದ ಕಣ್ಣೊರೆಸಿಕೊಂಡ.

"ಅಳಬೇಡ. ಅಳೋ ಸರದಿ ನನ್ನದು," ಎಂದಳು ಅವಳು, ಪಕ್ಕಕ್ಕೆ ಸರಿದು ಜಾಗ ಮಾಡುತ್ತ. "ಬಾ, ಇಲ್ಲಿ ಕೂತ್ಕೋ."